ಪೌರತ್ವ ಮತ್ತು ವ್ಯಕ್ತಿಹಕ್ಕು: ಬೀದರ್ ಗಡಿಸೀಮೆ

ಬೀದರ್ ಜಿಲ್ಲೆ ಕರ್ನಾಟಕದ ಉತ್ತರ ತುದಿಯಲ್ಲಿದೆ. ಪಶ್ಚಿಮ, ಉತ್ತರಕ್ಕೆ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ. ಇಲ್ಲಿ 1930ರ ಆಸುಪಾಸಿನಲ್ಲಿ ಹುಟ್ಟಿ ತುಂಬು ಬಾಳು ಬಾಳಿದವರು ಊರು ಬಿಡದೆಯೇ ನಾಲ್ಕು ಬಗೆಯ ಕಾನೂನು ಸ್ಥಾನಮಾನ ಕಂಡಿದ್ದಾರೆ. ಮೊದಲು ಅವರು ಹೈದರಾಬಾದ್ ನಿಜಾಮರ ಪ್ರಜೆಗಳು. 1950ರ ಜನವರಿ 26ರಿಂದ ಭಾರತದ ಪೌರರು. 1956ರ ನವೆಂಬರ್ 1ರಿಂದ ಮೈಸೂರು (ಇಂದಿನ ಕರ್ನಾಟಕ) ರಾಜ್ಯದ ನಿವಾಸಿಗಳು. 2013ರಿಂದ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ‘ಸ್ಥಳೀಯ ವ್ಯಕ್ತಿ’ಗಳು. ಔರಾದ್–ಕಮಲನಗರ ಸೀಮೆಯ ಡಾಬಕಾ, ಭಾಲ್ಕಿ, ಬೀದರ್ ನಗರ ಮೂರಕ್ಕೂ ಈ ಮಾತು ಒಂದೇ.

ಸಂವಿಧಾನ ಕೊಟ್ಟ ಪೌರತ್ವ ಒಂದೇ. ದೇಶಕ್ಕೊಂದು, ರಾಜ್ಯಕ್ಕೊಂದು ಎಂಬ ಎರಡು ಪೌರತ್ವ ಭಾರತದಲ್ಲಿಲ್ಲ. ಆದರೆ ಆ ಪೌರತ್ವದ ಫಲ ಗಡಿಯ ಜನಕ್ಕೆ ಒಂದೇ ಸಲಕ್ಕೆ ಸಿಗಲಿಲ್ಲ. ಮತದಾನದ ಹಕ್ಕು 1952ರಲ್ಲಿ ಬಂತು. ಕೆಲವು ಸಮುದಾಯಗಳಿಗೆ ಮೀಸಲಾತಿ 1977ರಲ್ಲಿ ಬಂತು. ಹೈಕೋರ್ಟ್ ಹತ್ತಿರವಾದದ್ದು 2008ರಲ್ಲಿ, ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಸಿಕ್ಕಿದ್ದು 2013ರಲ್ಲಿ. ಹಕ್ಕುಗಳು ಕಾಗದದಿಂದ ಬದುಕಿಗೆ ಇಳಿದ ದಾರಿ ಎಷ್ಟು ಉದ್ದ ಎಂಬುದಕ್ಕೆ ಬೀದರ್ ಸೀಮೆಯ ಚರಿತ್ರೆ ಸಾಕ್ಷಿ.

ವ್ಯಕ್ತಿ, ಪೌರ, ನಿವಾಸಿ

ಸಂವಿಧಾನದ ಮೂರನೆಯ ಭಾಗ ಮೂಲಭೂತ ಹಕ್ಕುಗಳನ್ನು ಎರಡು ಬಗೆಯಲ್ಲಿ ಹಂಚುತ್ತದೆ. ಕಾನೂನಿನ ಮುಂದೆ ಸಮಾನತೆ (14ನೇ ವಿಧಿ), ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ (21), ಬಂಧಿತರ ರಕ್ಷಣೆ (22), ಧರ್ಮಾಚರಣೆಯ ಸ್ವಾತಂತ್ರ್ಯ (25) ಎಲ್ಲ ‘ವ್ಯಕ್ತಿ’ಗಳಿಗೂ ಉಂಟು. ಹುಟ್ಟಿದ ಊರು, ಜಾತಿ, ಧರ್ಮ, ಲಿಂಗದ ನೆಪದಲ್ಲಿ ಭೇದ ಮಾಡಬಾರದೆನ್ನುವ 15ನೇ ವಿಧಿ, ಸರ್ಕಾರಿ ನೌಕರಿಯ ಸಮಾನ ಅವಕಾಶದ 16ನೇ ವಿಧಿ, ಮಾತು–ಸಭೆ–ಸಂಘ–ಸಂಚಾರ–ವಾಸ–ವೃತ್ತಿಯ ಸ್ವಾತಂತ್ರ್ಯದ 19ನೇ ವಿಧಿ ‘ಪೌರ’ರಿಗೆ ಮಾತ್ರ. ಬೀದರ್‌ನ ಗುರುನಾನಕ್ ಝೀರಾ ಸಾಹೇಬ್ ದರ್ಶನಕ್ಕೆ ಕೆನಡಾದ ಪೌರರಾದ ಸಿಖ್ ಯಾತ್ರಿಕರೊಬ್ಬರು ಬಂದರೆನ್ನಿ. ಅವರ ಜೀವಕ್ಕೆ, ಪ್ರಾರ್ಥನೆಗೆ ಸಂವಿಧಾನದ ರಕ್ಷಣೆ ಇದೆ. ಪೊಲೀಸರು ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದರೆ ಅವರಿಗೆ ಮತವಿಲ್ಲ, 19ನೇ ವಿಧಿಯ ಸ್ವಾತಂತ್ರ್ಯಗಳನ್ನು ಅವರು ಹಕ್ಕಾಗಿ ಕೇಳುವಂತಿಲ್ಲ.

ಮೂರನೆಯ ಪದ ‘ನಿವಾಸಿ’. ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಸ್ಥಳ, ವಾಸದ ಸ್ಥಳ ನೋಡಿ ಭೇದ ಮಾಡಬಾರದೆಂದು 16(2) ಹೇಳುತ್ತದೆ. ವಾಸದ ಷರತ್ತು ಹಾಕುವ ಅಧಿಕಾರವನ್ನು 16(3) ಸಂಸತ್ತಿಗೆ ಮಾತ್ರ ಬಿಟ್ಟಿದೆ. ಹಳೆಯ ಹೈದರಾಬಾದಿನ ಜನರಿಗೆ ಈ ಎರಡು ಉಪವಿಧಿಗಳ ಬಗ್ಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಕರಾರಿತ್ತು.

ನಿಜಾಮರ ಕಾಲದ ಪ್ರಜೆ

ಹೈದರಾಬಾದ್ ಸಂಸ್ಥಾನದ ಜನ ಬ್ರಿಟಿಷ್ ಪ್ರಜೆಗಳಾಗಿರಲಿಲ್ಲ. ಹೊರದೇಶಕ್ಕೆ ಹೋದಾಗ ಅವರನ್ನು ‘ಬ್ರಿಟಿಷ್ ರಕ್ಷಣೆಯಲ್ಲಿರುವವರು’ ಎಂದು ಎಣಿಸುತ್ತಿದ್ದರು. ಸಂಸ್ಥಾನದೊಳಗೆ ‘ಮುಲ್ಕಿ’ ಮತ್ತು ‘ಗೈರ್‌ಮುಲ್ಕಿ’ ಎಂಬ ವಿಂಗಡಣೆಯಿತ್ತು. 1919ರ ಫರ್ಮಾನಿನ ಮೂಲಕ ಜಾರಿಯಾದ ಮುಲ್ಕಿ ನಿಯಮಗಳ ಪ್ರಕಾರ ವಿಶೇಷ ಅನುಮತಿಯಿಲ್ಲದೆ ಹೊರಗಿನವರನ್ನು ಸರ್ಕಾರಿ ನೌಕರಿಗೆ ತೆಗೆದುಕೊಳ್ಳುವಂತಿರಲಿಲ್ಲ. ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವರು ಮುಲ್ಕಿ. ಕನಿಷ್ಠ 15 ವರ್ಷ ನೆಲೆಸಿ, ಸ್ವಂತ ಊರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆಂದು ಪ್ರಮಾಣಪತ್ರ ಕೊಟ್ಟವರಿಗೂ ಆ ಸ್ಥಾನ ಸಿಗುತ್ತಿತ್ತು.

ಪ್ರಜೆಯಾಗಿರುವುದಕ್ಕೂ ಹಕ್ಕುಳ್ಳವನಾಗಿರುವುದಕ್ಕೂ ಆಗ ಬಹಳ ಅಂತರವಿತ್ತು. ಹೈದರಾಬಾದ್ 1921ರಲ್ಲೇ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿತು. ಬ್ರಿಟಿಷ್ ಇಂಡಿಯಾದ ಬಹುಪಾಲು ಪ್ರಾಂತಗಳು ಆ ಹೊತ್ತಿಗೆ ಅಷ್ಟು ಮಾಡಿರಲಿಲ್ಲ. ಆದರೆ ದೊರೆಯ ಆಜ್ಞೆಯನ್ನೇ ಪ್ರಶ್ನಿಸುವ ರಿಟ್ ಅರ್ಜಿ ಎಂಬುದು ಪ್ರಜೆಯ ಕೈಯಲ್ಲಿರಲಿಲ್ಲ. ‘ಗಶ್ತಿ ನಿಶಾನ್ 53’ ಎಂದು ಹೆಸರಾದ ಸುತ್ತೋಲೆ ಸಾರ್ವಜನಿಕ ಸಭೆಗೆ ಮುಂಚಿತ ಅನುಮತಿ ಬೇಕೆಂದಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಲಾಯಿತು, ಆ ನಿಷೇಧ ತೆರವಾದದ್ದು 1946ರಲ್ಲಿ. 1938–39ರ ಆರ್ಯ ಸಮಾಜದ ಸತ್ಯಾಗ್ರಹದ ಬೇಡಿಕೆಗಳು ಪೂಜೆ, ಪ್ರವಚನ, ಮೆರವಣಿಗೆಯ ಸ್ವಾತಂತ್ರ್ಯವೇ. ಇಂದು 19 ಮತ್ತು 25ನೇ ವಿಧಿಗಳು ಸಹಜವೆಂಬಂತೆ ಕೊಡುವುದನ್ನು ಅಂದು ಜೈಲಿಗೆ ಹೋಗಿ ಕೇಳಬೇಕಿತ್ತು.

ಎಲ್ಲ ಪ್ರಜೆಗಳಿಗೂ ಒಂದೇ ಆಡಳಿತವಿರಲಿಲ್ಲ. ಸರ್ಕಾರದ ನೇರ ಆಡಳಿತದ ದಿವಾನಿ ಪ್ರದೇಶ ಒಂದೆಡೆ, ನಿಜಾಮರ ಖಾಸಗಿ ಭೂಮಿಯಾದ ಸರ್ಫ್‌–ಎ–ಖಾಸ್ ಮತ್ತು ಜಹಗೀರುಗಳು ಇನ್ನೊಂದೆಡೆ. ಇಂದಿನ ಬಸವಕಲ್ಯಾಣ ಕಲ್ಯಾಣಿ ನವಾಬರ ಜಹಗೀರಿನಲ್ಲಿತ್ತು. ರೈತ ಯಾವ ಊರಲ್ಲಿ ಹುಟ್ಟಿದ ಎಂಬುದರ ಮೇಲೆ ಅವನ ಒಡೆಯ ಯಾರೆಂಬುದು ನಿಲ್ಲುತ್ತಿತ್ತು. 1949ರ ಆಗಸ್ಟ್‌ನಲ್ಲಿ ಜಹಗೀರುಗಳು ರದ್ದಾದವು.

1948: ರಕ್ಷಣೆಯಿಲ್ಲದ ವರ್ಷ

1947ರ ಆಗಸ್ಟ್ 15ರಂದು ಹೈದರಾಬಾದ್ ಭಾರತವನ್ನು ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಆ ನಂತರದ ತಿಂಗಳುಗಳಲ್ಲಿ ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ದಾಳಿಗಳು ಗಡಿಯ ಹಳ್ಳಿಗಳನ್ನು ನಡುಗಿಸಿದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಜನರ ನೆನಪಿನಲ್ಲಿ ಇಂದಿಗೂ ಆಳವಾಗಿದೆ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಗೆ ಬಂತು, 17ರಂದು ನಿಜಾಮರು ಶರಣಾದರು. ಜನ ಇದನ್ನು ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ.

ಅದರ ಬೆನ್ನಿಗೇ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಭಾರತ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳನ್ನು ಅತಿ ಹೆಚ್ಚು ನಲುಗಿದವೆಂದು ಗುರುತಿಸಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅದರ ಅಂದಾಜು. ಆ ವರದಿ ಬಹಿರಂಗವಾದದ್ದು 2013ರಲ್ಲಿ. ಮೇ ತಿಂಗಳಲ್ಲಿ ಸತ್ತವರಿಗೂ ಸೆಪ್ಟೆಂಬರ್ ನಂತರ ಸತ್ತವರಿಗೂ ಕೇಳಿಕೊಳ್ಳಲು 21ನೇ ವಿಧಿ ಇರಲಿಲ್ಲ, ಹೋಗಲು ರಿಟ್ ನ್ಯಾಯಾಲಯವಿರಲಿಲ್ಲ. ‘ವ್ಯಕ್ತಿ’ ಎಂಬ ಪದವನ್ನು ಧರ್ಮ, ಪಕ್ಷ ನೋಡದೆ ಬಳಸಿದ ಸಂವಿಧಾನದ ಬೆಲೆ ಈ ನೆಲದಲ್ಲಿ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಪೌರತ್ವದ ಆರಂಭ

1949ರ ನವೆಂಬರ್ 23ರ ಫರ್ಮಾನಿನಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್, ಭಾರತದ ಸಂವಿಧಾನವೇ ಹೈದರಾಬಾದಿನ ಸಂವಿಧಾನವೆಂದು ಒಪ್ಪಿಕೊಂಡರು. 1950ರ ಜನವರಿ 26ರಂದು ಅವರು ರಾಜಪ್ರಮುಖರು, ಅಂದರೆ ರಾಜ್ಯಪಾಲರಿಗೆ ಸಮನಾದ ರಾಜ್ಯದ ಮುಖ್ಯಸ್ಥರಾದರು. ಅವರ ಪ್ರಜೆಗಳು ಅದೇ ದಿನ ಗಣರಾಜ್ಯದ ಪೌರರಾದರು.

ಸಂವಿಧಾನದ 5ನೇ ವಿಧಿಯ ಪ್ರಕಾರ ಅಂದು ಭಾರತದಲ್ಲಿ ನೆಲೆಸಿದ್ದು, ಇಲ್ಲೇ ಹುಟ್ಟಿದವರು, ಅಥವಾ ತಂದೆ ತಾಯಿಯರಲ್ಲಿ ಒಬ್ಬರು ಇಲ್ಲಿ ಹುಟ್ಟಿದವರು, ಅಥವಾ ಹಿಂದಿನ ಐದು ವರ್ಷ ಸಾಮಾನ್ಯವಾಗಿ ಇಲ್ಲೇ ವಾಸವಿದ್ದವರು ಪೌರರಾದರು. ಯಾರೂ ಅರ್ಜಿ ಹಾಕಬೇಕಿರಲಿಲ್ಲ. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರ ಸ್ಥಿತಿಯನ್ನು 7ನೇ ವಿಧಿ ಬೇರೆಯಾಗಿ ನೋಡಿತು. ಒಂದೇ ಮನೆಯ ಒಬ್ಬ ಮಗ ಇಲ್ಲಿ ಉಳಿದು ಇನ್ನೊಬ್ಬ ಕರಾಚಿಗೆ ಹೋಗಿದ್ದರೆ ಇಬ್ಬರೂ ಎರಡು ದೇಶಗಳ ಪಾಲಾದರು. ಮುಂದಿನ ಪೌರತ್ವಕ್ಕೆ 1955ರ ಪೌರತ್ವ ಕಾಯ್ದೆ ಬಂತು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟೊಂದೇ ಸಾಕಿತ್ತು. ಆ ದಿನದಿಂದ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. 2019ರ ತಿದ್ದುಪಡಿ ಮೂರು ನೆರೆದೇಶಗಳಿಂದ ಬಂದ ಆರು ಧರ್ಮಗಳ ಜನರಿಗೆ ಬೇರೆ ದಾರಿ ತೆರೆಯಿತು. ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಪ್ರಕಟವಾದವು.

1952ರ ಚುನಾವಣೆಯಲ್ಲಿ ಬೀದರ್ ಸೀಮೆಯ ವಯಸ್ಕರೆಲ್ಲ ಮೊದಲ ಸಲ ಮತ ಹಾಕಿದರು. ಭೂಮಿ, ಓದು, ಧರ್ಮ, ಲಿಂಗದ ಷರತ್ತಿರಲಿಲ್ಲ. ಬೀದರ್ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಷೌಕತುಲ್ಲಾ ಶಾ ಅನ್ಸಾರಿ ಗೆದ್ದರು. ಮುಂದೆ ಇವರು ಒಡಿಶಾದ ರಾಜ್ಯಪಾಲರೂ ಆದರು. ಹಿಂಸೆಯ ಗಾಯ ಇನ್ನೂ ಹಸಿಯಾಗಿದ್ದಾಗ ಹಿಂದೂಗಳೇ ಬಹುಸಂಖ್ಯಾತರಾದ ಕ್ಷೇತ್ರವೊಂದು ಮುಸ್ಲಿಂ ಪ್ರತಿನಿಧಿಯನ್ನು ಆರಿಸಿ ದೆಹಲಿಗೆ ಕಳುಹಿಸಿತು. ಹೊಸ ಪೌರತ್ವದ ಮೊದಲ ದೊಡ್ಡ ಸಾಧನೆಗಳಲ್ಲಿ ಇದನ್ನು ಎಣಿಸಬೇಕು.

1956ರ ಗೆರೆ

ರಾಜ್ಯ ಪುನರ್ವಿಂಗಡಣಾ ಕಾಯ್ದೆ ಹೈದರಾಬಾದನ್ನು ಮೂರು ಪಾಲು ಮಾಡಿತು. ಬೀದರ್ ಜಿಲ್ಲೆಯೊಂದೇ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಅಹಮದಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ ಸೇರಿದವು. ನಾರಾಯಣಖೇಡ, ಜಹೀರಾಬಾದಿನ ಹೆಚ್ಚಿನ ಭಾಗ ಮತ್ತು ನ್ಯಾಲಕಲ್ ವೃತ್ತ ಆಂಧ್ರ ಪ್ರದೇಶಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಮೈಸೂರಿಗೆ ಬಂದವು. ಪೌರತ್ವ ಬದಲಾಗಲಿಲ್ಲ. ಆದರೆ ಶಾಲೆಯ ಭಾಷೆ, ಭೂಕಾಯ್ದೆ, ನೌಕರಿಯ ನಿಯಮ, ಜಾತಿಪಟ್ಟಿ, ಹೈಕೋರ್ಟ್ ಎಲ್ಲವೂ ಬದಲಾದವು. ಬೀಗತನ, ಸಂತೆ, ದವಾಖಾನೆಗಳ ದಾರಿ ಮಾತ್ರ ಹಳೆಯದೇ ಉಳಿಯಿತು. ಕಮಲನಗರ, ಡಾಬಕಾ ಕಡೆಯವರಿಗೆ ಇಂದಿಗೂ ಹತ್ತಿರದ ದೊಡ್ಡ ಪೇಟೆ ಉದಗೀರ್.

ಗಡಿಯ ತಕರಾರಿಗೆ 1966ರಲ್ಲಿ ನೇಮಕವಾದ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ 131ನೇ ವಿಧಿಯಡಿ ಮೂಲ ದಾವೆ ಹೂಡಿತು. ಬೆಳಗಾವಿ, ಕಾರವಾರದ ಜೊತೆಗೆ ಬೀದರ್‌ನ ಮರಾಠಿ ಮಾತಾಡುವ ಹಳ್ಳಿಗಳ ಮೇಲೂ ಅದರ ಹಕ್ಕುಸಾಧನೆಯಿದೆ. ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ ಏನೇ ಇರಲಿ, ಅಲ್ಲಿನ ನಿವಾಸಿಯ ಮೂಲಭೂತ ಹಕ್ಕಿಗೆ ಅದರಿಂದ ಚ್ಯುತಿಯಿಲ್ಲ.

ಮುಲ್ಕಿಯಿಂದ 371(ಜೆ)ವರೆಗೆ

ಸಂವಿಧಾನ ಬಂದ ಮೇಲೂ 35(ಬಿ) ವಿಧಿಯ ಆಸರೆಯಿಂದ ಮುಲ್ಕಿ ನಿಯಮಗಳು ಕೆಲಕಾಲ ಉಳಿದವು. 1957ರಲ್ಲಿ ಸಂಸತ್ತು ವಾಸದ ಷರತ್ತುಗಳ ಬಗ್ಗೆ ಸಾರ್ವಜನಿಕ ಉದ್ಯೋಗ ಕಾಯ್ದೆ ತಂದು, ತೆಲಂಗಾಣ, ಹಿಮಾಚಲ ಪ್ರದೇಶ, ಮಣಿಪುರ, ತ್ರಿಪುರಾಗಳಿಗೆ ಮಾತ್ರ ವಿನಾಯಿತಿಯ ದಾರಿ ಇಟ್ಟಿತು. ಅದೇ ನಿಜಾಮರ ರಾಜ್ಯದಿಂದ ಬಂದ ಬೀದರ್, ಗುಲ್ಬರ್ಗಾ, ರಾಯಚೂರುಗಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ತೆಲಂಗಾಣದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 1969ರಲ್ಲಿ ಎ.ವಿ.ಎಸ್. ನರಸಿಂಹ ರಾವ್ ಪ್ರಕರಣದಲ್ಲಿ ಹೊಡೆದುಹಾಕಿತು. 1972ರಲ್ಲಿ ಅದೇ ನ್ಯಾಯಾಲಯ ಮುಲ್ಕಿ ನಿಯಮಗಳು ಅಲ್ಲಿ ಊರ್ಜಿತವೆಂದಿತು. ಚಳವಳಿಗಳ ನಂತರ 1973ರ 32ನೇ ತಿದ್ದುಪಡಿಯಲ್ಲಿ ಆಂಧ್ರಕ್ಕೆ, ಓದು ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಅವಕಾಶ ಕಾಯ್ದಿಡುವ 371(ಡಿ) ವಿಧಿ ಸಿಕ್ಕಿತು.

ಕರ್ನಾಟಕದ ಭಾಗಕ್ಕೆ ಅಂಥದ್ದೇ ರಕ್ಷಣೆ ಬೇಕೆಂಬ ಕೂಗು ಅಂದಿನಿಂದ ಬೆಳೆಯಿತು. ವೈಜನಾಥ ಪಾಟೀಲರಂಥವರು ಹೋರಾಟವನ್ನು ಬೀದಿಯಲ್ಲಿ ಕಟ್ಟಿದರು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಮುಂತಾದವರು ದೆಹಲಿಯಲ್ಲಿ ಒತ್ತಡ ತಂದರು. 2012ರ ಕೊನೆಗೆ ಸಂಸತ್ತು 98ನೇ ತಿದ್ದುಪಡಿಯನ್ನು ಅಂಗೀಕರಿಸಿತು. 2013ರ ಅಕ್ಟೋಬರ್ 1ರಂದು 371(ಜೆ) ಜಾರಿಗೆ ಬಂತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯಬದ್ಧ ಹಂಚಿಕೆ, ಓದು ಮತ್ತು ನೌಕರಿಯಲ್ಲಿ ಮೀಸಲಾತಿ, ಇವಿಷ್ಟು ಅದರ ಹೂರಣ. ‘ಹುಟ್ಟಿನಿಂದ ಅಥವಾ ವಾಸದಿಂದ’ ಈ ಪ್ರದೇಶಕ್ಕೆ ಸೇರಿದವರು ಅದರ ಹಕ್ಕುದಾರರು. 2013ರ ನವೆಂಬರ್‌ನ ಆದೇಶ ಪ್ರಾದೇಶಿಕ ವೃಂದದ ಹುದ್ದೆಗಳಲ್ಲಿ ಡಿ ಗುಂಪಿಗೆ ಶೇ 85, ಸಿ ಗುಂಪಿಗೆ ಶೇ 80, ಎ ಮತ್ತು ಬಿ ಗುಂಪುಗಳಿಗೆ ಶೇ 75, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8 ಮೀಸಲಿಟ್ಟಿತು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಎನ್ನುತ್ತಿದ್ದ ಈ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದಾಯಿತು.

ಈ ಹಕ್ಕಿನ ಕೀಲಿ ಒಂದು ಅರ್ಹತಾ ಪ್ರಮಾಣಪತ್ರ. ಹುಡುಗರ ಬಾಯಲ್ಲಿ ಇದು ‘371ಜೆ ಸರ್ಟಿಫಿಕೇಟ್’ ಅಥವಾ ‘ಎಚ್‌ಕೆ ಸರ್ಟಿಫಿಕೇಟ್’. ಇಲ್ಲಿ ಹುಟ್ಟಿದ್ದನ್ನು, ಅಥವಾ 2013ರ ಜನವರಿ 1ಕ್ಕೆ ಮೊದಲು ಕನಿಷ್ಠ 10 ವರ್ಷ ನೆಲೆಸಿದ್ದನ್ನು ತೋರಿಸಬೇಕು. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಮತದಾರರ ಪಟ್ಟಿ, ರೇಷನ್ ಕಾರ್ಡ್, ಪಹಣಿಗಳನ್ನು ಲಗತ್ತಿಸಿ ಅರ್ಜಿ ಹಾಕಿದರೆ ಕಂದಾಯ ಸಿಬ್ಬಂದಿ ವಿಚಾರಣೆ ಮಾಡುತ್ತಾರೆ, ಅಸಿಸ್ಟೆಂಟ್ ಕಮಿಷನರ್ ಸಹಿ ಮಾಡುತ್ತಾರೆ. ಗಡಿಯ ಮಕ್ಕಳಿಗೆ ತೊಡಕು ಬರುವುದು ಇಲ್ಲೇ. ಡಾಬಕಾ ಕಡೆಯ ಹುಡುಗ ಉದಗೀರಿನಲ್ಲಿ ಓದಿದ್ದರೆ ಅವನ ಶಾಲಾ ದಾಖಲೆಯೆಲ್ಲ ಮಹಾರಾಷ್ಟ್ರದ್ದು. ತವರಿನ ರೂಢಿಯಂತೆ ಅಜ್ಜಿಮನೆಯಲ್ಲಿ ಹುಟ್ಟಿದ್ದರೆ ಜನನ ನೋಂದಣಿಯೂ ಆಚೆ ಕಡೆಯದೇ. ಆಗ ವಾಸವನ್ನು ಹೆತ್ತವರ ದಾಖಲೆಗಳಿಂದ ಸಾಬೀತುಪಡಿಸಬೇಕಾಗುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಮತಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ, ಸ್ಥಳಗಳ ಆಧಾರವಾಗಿರುವುದರಿಂದ ಹೆರಿಗೆಯಾದ ಊರಲ್ಲೇ ನೋಂದಣಿ ಮಾಡಿಸುವ ಎಚ್ಚರ ಇನ್ನಷ್ಟು ಅಗತ್ಯ.

ಒಂದು ಕುಲ, ಮೂರು ಪಟ್ಟಿ

ಗಡಿ ಮತ್ತು ಹಕ್ಕಿನ ನಂಟು ಲಂಬಾಣಿ ತಾಂಡಾಗಳಲ್ಲಿ ಎದ್ದು ಕಾಣುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಭಾಷೆ, ಉಡುಗೆ, ದೇವರು, ನೆಂಟಸ್ತಿಕೆ ಒಂದೇ ಆದ ಮೂವರು ಅಣ್ಣತಮ್ಮಂದಿರು ಔರಾದ್, ನಾರಾಯಣಖೇಡ, ಉದಗೀರ್ ಸೀಮೆಗಳಲ್ಲಿ ನೆಲೆಸಿದ್ದರೆ ಸರ್ಕಾರದ ದಾಖಲೆಯಲ್ಲಿ ಮೂರು ಬೇರೆ ವರ್ಗದವರು. ಬೀದರ್‌ನ ಲಂಬಾಣಿಗರಿಗೂ ಈ ಸ್ಥಾನ ಮೊದಲಿನಿಂದ ಇರಲಿಲ್ಲ. ಹಳೆಯ ಮೈಸೂರಿನಲ್ಲಿ ಪರಿಶಿಷ್ಟರಾಗಿದ್ದ ಅವರು ಹೈದರಾಬಾದ್ ಭಾಗದಲ್ಲಿ ಪಟ್ಟಿಯ ಹೊರಗಿದ್ದರು. 1976ರ ತಿದ್ದುಪಡಿ ಕಾಯ್ದೆ ಕ್ಷೇತ್ರ ನಿರ್ಬಂಧ ತೆಗೆದು, 1977ರ ಜುಲೈ 27ರಿಂದ ಜಾರಿಯಾದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಪಟ್ಟಿಯಾಯಿತು.

341 ಮತ್ತು 342ನೇ ವಿಧಿಗಳು ಈ ಪಟ್ಟಿಗಳನ್ನು ‘ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ’ ಮಾಡಿಸುತ್ತವೆ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆಯೊಂದಿಗೆ ಇನ್ನೊಂದಕ್ಕೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. 2018ರಲ್ಲಿ ಸಂವಿಧಾನ ಪೀಠ ಬೀರ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಉದಗೀರಿನ ದಲಿತ ಹೆಣ್ಣುಮಗಳು ಭಾಲ್ಕಿಗೆ ಸೊಸೆಯಾಗಿ ಬಂದರೆ ಭಾರತದಲ್ಲಿ ಎಲ್ಲಾದರೂ ನೆಲೆಸುವ 19ನೇ ವಿಧಿಯ ಹಕ್ಕು ಅವಳ ಜೊತೆ ಬರುತ್ತದೆ. ಅಸ್ಪೃಶ್ಯತೆಯ ಅವಮಾನವೂ ಗಡಿಯಲ್ಲಿ ನಿಲ್ಲದೆ ಬೆನ್ನತ್ತಿ ಬರುತ್ತದೆ. ಮೀಸಲಾತಿಯ ಕಾಗದ ಮಾತ್ರ ತವರಲ್ಲೇ ಉಳಿಯುತ್ತದೆ. ಗಡಿಯಾಚೆಯ ಬೀಗತನವೇ ವಾಡಿಕೆಯಾದ ಸೀಮೆಯಲ್ಲಿ ಈ ನಿಯಮದ ಹೊರೆ ಹೆಚ್ಚಾಗಿ ಹೆಣ್ಣುಮಕ್ಕಳ ತಲೆಯ ಮೇಲೆ ಬೀಳುತ್ತದೆ. ಸಂಸತ್ತು ಗಮನ ಕೊಡಲೇಬೇಕಾದ ಅನ್ಯಾಯ ಇದು.

ತಾಂಡಾಗಳ ಇನ್ನೊಂದು ಕೊರತೆ ವಿಳಾಸದ್ದು. ಕಂದಾಯ ಗ್ರಾಮವೆಂದು ದಾಖಲಾಗದ ತಾಂಡಾಗಳಲ್ಲಿ ತಲೆಮಾರುಗಳಿಂದ ಬಾಳಿದ ಮನೆಗಳಿಗೂ ಹಕ್ಕುಪತ್ರವಿರಲಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಸೇರಿಸಿದ 38–ಎ ಕಲಮು ಇಂಥ ಮನೆಗಳ ಒಡೆತನಕ್ಕೆ ದಾರಿ ಮಾಡಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಬೀದರ್ ಸೇರಿದಂತೆ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಹಕ್ಕುಪತ್ರವಿದ್ದರೆ ಬ್ಯಾಂಕಿನ ಸಾಲ ಸಿಗುತ್ತದೆ, ವಾಸದ ಪುರಾವೆ ಸಿಗುತ್ತದೆ, ಎಬ್ಬಿಸಲು ಬಂದವರಿಗೆ ಉತ್ತರವೂ ಸಿಗುತ್ತದೆ.

ಭಾಷೆಯ ಹಕ್ಕು

ಬೀದರ್ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಒಟ್ಟಿಗೆ ಬಾಳುತ್ತವೆ. ನಿಜಾಮರ ಕಾಲದಲ್ಲಿ ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದು. ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಜಿಲ್ಲೆಯ ಮನೆಮಾತು. ತಾಯಿನುಡಿಯಲ್ಲಿ ಕಲಿಯುವ ಹಕ್ಕನ್ನು ಮಠವೊಂದು ಹೀಗೆ ಮರೆಯಲ್ಲಿ ಕಾಪಾಡಬೇಕಾಗಿತ್ತು.

1956ರಲ್ಲಿ ಚಿತ್ರ ತಿರುಗಿತು. ಸೀಮೆ ಕನ್ನಡ ನುಡಿಯುವ ರಾಜ್ಯಕ್ಕೆ ಸೇರಿತು, ಗಡಿಯ ಮರಾಠಿಗರು ಮತ್ತು ಉರ್ದು ಭಾಷಿಕರು ಭಾಷಾ ಅಲ್ಪಸಂಖ್ಯಾತರಾದರು. ಇಂಥವರಿಗಾಗಿಯೇ 29 ಮತ್ತು 30ನೇ ವಿಧಿಗಳಿವೆ. ಅದೇ ವರ್ಷದ ಏಳನೇ ತಿದ್ದುಪಡಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ 350–ಎ ವಿಧಿಯನ್ನು, ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗಾಗಿ 350–ಬಿ ವಿಧಿಯನ್ನು ಸೇರಿಸಿತು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬುದು 1949ರಿಂದ ಒಪ್ಪಿಬಂದ ಸೂತ್ರ. ಔರಾದ್, ಭಾಲ್ಕಿ ಭಾಗದ ಸರ್ಕಾರಿ ಮರಾಠಿ ಶಾಲೆಗಳು ಈ ನೀತಿಯ ಫಲ.

2014ರ ಮೇ 6ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣವೊಂದರಲ್ಲಿ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಹೆತ್ತವರು, ಖಾಸಗಿ ಶಾಲೆಗಳ ಮೇಲೆ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ ಆಡುವ ಮಗುವಿಗೆ ಮಾತೃಭಾಷೆಯೂ ಚೆನ್ನಾಗಿ ಬರಬೇಕು, ರಾಜ್ಯದ ನೌಕರಿಗೆ ಬೇಕಾದ ಕನ್ನಡವೂ ಬರಬೇಕು. ಎರಡನ್ನೂ ಕಲಿಸುವ ಶಿಕ್ಷಕರು ಗಡಿಯ ಹಳ್ಳಿಗೆ ಬಂದು ನಿಂತಾಗಲೇ ಈ ವಿಧಿಗಳಿಗೆ ಅರ್ಥ.

ದುಡಿಮೆ ಮತ್ತು ಘನತೆ

ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿ ಮತ್ತು ಬಿಟ್ಟಿಚಾಕರಿ, ಜೀತವನ್ನು ನಿಷೇಧಿಸಿದ 23ನೇ ವಿಧಿ ಸರ್ಕಾರದ ವಿರುದ್ಧವಷ್ಟೇ ಅಲ್ಲದೆ ಖಾಸಗಿ ಜನರ ವಿರುದ್ಧವೂ ನಿಲ್ಲುತ್ತವೆ. ಸಾಲಕ್ಕೆ ದುಡಿಮೆಯನ್ನು ಒತ್ತೆಯಿಡುವ ಪದ್ಧತಿಗೆ ಹೈದರಾಬಾದ್ ಸರ್ಕಾರ 1936ರಲ್ಲಿ ಭಗೇಲಾ ಒಪ್ಪಂದಗಳ ನಿಯಂತ್ರಣ ತಂದಿತ್ತು, ಆದರೆ ಪದ್ಧತಿ ನಿಂತಿರಲಿಲ್ಲ. ದೇಶದಾದ್ಯಂತ ಅದನ್ನು ಅಪರಾಧವಾಗಿಸಿದ್ದು 1976ರ ಜೀತಪದ್ಧತಿ ರದ್ದತಿ ಕಾಯ್ದೆ. ಗೇಣಿದಾರರಿಗೆ 1950ರ ಹೈದರಾಬಾದ್ ಗೇಣಿ ಕಾಯ್ದೆ ‘ರಕ್ಷಿತ ಗೇಣಿದಾರ’ ಎಂಬ ಸ್ಥಾನ ಕೊಟ್ಟಿತು. ಉಳುವವನನ್ನೇ ಒಡೆಯನನ್ನಾಗಿಸಿದ್ದು ಕರ್ನಾಟಕದ 1974ರ ಭೂಸುಧಾರಣೆ.

ಮಳೆ ಕೈಕೊಟ್ಟ ವರ್ಷ ಔರಾದ್ ಕಡೆಯ ಕೂಲಿಗಳು ಹೈದರಾಬಾದ್, ಪುಣೆ, ಮುಂಬೈಗೆ ಹೊರಡುತ್ತಾರೆ. ಅಲ್ಲಿಯೂ ಅವರು ಭಾರತದ ಪೌರರೇ. ಆದರೆ ಮತ ಊರಲ್ಲಿರುತ್ತದೆ, ಮಕ್ಕಳ ಶಾಲೆ ಊರಲ್ಲಿರುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಮೂಲಕ ಹೋದವರಿಗೆ ಕೂಲಿ, ಪ್ರಯಾಣಭತ್ಯೆಯ ರಕ್ಷಣೆ ಬರೆದಿಟ್ಟಿತು. ತಾವಾಗಿಯೇ ಬಸ್ ಹತ್ತಿ ಹೋದವರು ಅದರ ಹೊರಗುಳಿದರು.

ಮನುಷ್ಯರಲ್ಲದ ವ್ಯಕ್ತಿಗಳು

ಕಾನೂನಿನಲ್ಲಿ ‘ವ್ಯಕ್ತಿ’ ಎಂದರೆ ಮನುಷ್ಯರಷ್ಟೇ ಅಲ್ಲ. ಆಸ್ತಿ ಹೊಂದುವ, ದಾವೆ ಹೂಡುವ, ದಾವೆಗೆ ಗುರಿಯಾಗುವ ಸಾಮರ್ಥ್ಯವಿರುವ ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಕಂಪನಿಗಳೂ ಕಾನೂನಿನ ವ್ಯಕ್ತಿಗಳೇ. ಪ್ರತಿಷ್ಠಾಪಿತ ದೇವರು ಕೂಡ ಆಸ್ತಿಯ ಒಡೆಯನೆಂದು ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಗುರುದ್ವಾರದಲ್ಲಿ ಪ್ರತಿಷ್ಠಾಪಿಸಿದ ಗುರು ಗ್ರಂಥ ಸಾಹೇಬ್ ಕಾನೂನಿನ ವ್ಯಕ್ತಿ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಇವರಾರೂ ‘ಪೌರ’ರಲ್ಲ. ಕಂಪನಿ ಪೌರನಲ್ಲವೆಂದು 1963ರಲ್ಲೇ ಸ್ಪಷ್ಟವಾಗಿದೆ.

ಕರ್ನಾಟಕ ಮತ್ತು ಅದರ ಗಡಿಯ ಕನ್ನಡಿಗರು ವ್ಯಕ್ತಿಹಕ್ಕುಗಳ ಕಾನೂನನ್ನು ರೂಪಿಸುವಲ್ಲಿ ದೊಡ್ಡ ಪಾಲು ಕೊಟ್ಟಿದ್ದಾರೆ. ಧಾರ್ಮಿಕ ಸ್ವಾತಂತ್ರ್ಯದ ಅಡಿಗಲ್ಲಾದ 1954ರ ತೀರ್ಪು ಉಡುಪಿಯ ಶಿರೂರು ಮಠದ್ದು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲವೆಂಬ 1973ರ ತೀರ್ಪು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಅವರ ಹೆಸರಲ್ಲಿದೆ. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನ್ಯಾಯಾಲಯದ ದೂರ

ಹಕ್ಕು ಮುರಿದಾಗ ಸುಪ್ರೀಂ ಕೋರ್ಟಿಗೆ 32ನೇ ವಿಧಿಯ, ಹೈಕೋರ್ಟಿಗೆ 226ನೇ ವಿಧಿಯ ದಾರಿಯಿದೆ. 1956ರವರೆಗೆ ಬೀದರ್‌ನವರಿಗೆ ಹೈಕೋರ್ಟ್ ಎಂದರೆ ಹೈದರಾಬಾದ್, ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದಾದಷ್ಟು ದೂರ. ಆಮೇಲೆ ಅದು ಸುಮಾರು 700 ಕಿಲೋಮೀಟರ್ ಆಚೆಯ ಬೆಂಗಳೂರು. ಅರ್ಧ ಶತಮಾನದ ಕಾಲ ಬಡವನ ರಿಟ್ ಅರ್ಜಿಗೆ ಈ ದೂರವೇ ಮೊದಲ ಅಡ್ಡಿ. 2008ರ ಜುಲೈನಲ್ಲಿ ಗುಲ್ಬರ್ಗಾದಲ್ಲಿ (ಇಂದಿನ ಕಲಬುರಗಿ) ಸಂಚಾರಿ ಪೀಠ ಆರಂಭವಾಯಿತು, 2013ರ ಆಗಸ್ಟ್ 31ರಂದು ಅದು ಕಾಯಂ ಆಯಿತು.

ಹತ್ತಿರದ ಪೀಠದಿಂದ ಏನಾಗುತ್ತದೆಂಬುದಕ್ಕೆ ಬೀದರ್ ನಗರದ್ದೇ ಉದಾಹರಣೆಯಿದೆ. 2020ರ ಜನವರಿಯಲ್ಲಿ ಶಾಲೆಯೊಂದರ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಕುರಿತು ನಾಟಕವಾಡಿದರು. ಅದರ ಮೇಲೆ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಮುಖ್ಯ ಶಿಕ್ಷಕಿ ಮತ್ತು ವಿದ್ಯಾರ್ಥಿಯೊಬ್ಬರ ತಾಯಿಯ ಬಂಧನವಾಯಿತು, ಪುಟ್ಟ ಮಕ್ಕಳ ವಿಚಾರಣೆ ನಡೆಯಿತು. ಸಮವಸ್ತ್ರ ತೊಟ್ಟ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದ್ದು ಮೇಲ್ನೋಟಕ್ಕೆ ಕಾನೂನಿನ ಉಲ್ಲಂಘನೆಯೆಂದು ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿಯವರ ವಿರುದ್ಧದ ಪ್ರಕರಣವನ್ನೇ ರದ್ದುಪಡಿಸಿತು. ಸರ್ಕಾರವನ್ನು ಟೀಕಿಸುವುದು ಪೌರನ ಹಕ್ಕು, ಮಗುವೂ ಘನತೆಯುಳ್ಳ ವ್ಯಕ್ತಿ. ಈ ಎರಡು ತತ್ತ್ವಗಳನ್ನು ಜಿಲ್ಲೆ ಒಂದೇ ಪ್ರಕರಣದಲ್ಲಿ ಕಂಡಿತು.

ಇಂದಿನ ಸ್ಥಿತಿ

1993ರ 73ನೇ ತಿದ್ದುಪಡಿಯ ನಂತರ ಪೌರತ್ವದ ಅತಿ ಹತ್ತಿರದ ವೇದಿಕೆ ಗ್ರಾಮಸಭೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಔರಾದ್ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಒಂದು ಕಾಲಕ್ಕೆ ಸಭೆ ಸೇರಲು ಅನುಮತಿ ಬೇಡಬೇಕಿದ್ದ ನೆಲದಲ್ಲಿ ಈಗ ಸಭೆ ಕರೆಯುವುದು ಪಂಚಾಯಿತಿಯ ಕರ್ತವ್ಯ.

ಉಳಿದ ಕೆಲಸ ಹೊಸ ಘೋಷಣೆಗಳದ್ದಲ್ಲ. ಹೆರಿಗೆಯಾದ ತಿಂಗಳೊಳಗೆ ಜನನ ನೋಂದಣಿ, ತಾಂಡಾಕ್ಕೆ ಕಂದಾಯ ಗ್ರಾಮದ ದಾಖಲೆ, ಗಡಿಯಾಚೆಯಿಂದ ಬಂದ ಸೊಸೆಯ ಜಾತಿಸ್ಥಾನಕ್ಕೆ ಕಾನೂನಿನ ಪರಿಹಾರ, ಉದಗೀರಿನಲ್ಲಿ ಓದಿದ ಮಗುವಿನ ಅರ್ಹತಾ ಪತ್ರಕ್ಕೆ ಸರಳ ನಿಯಮ, ಮರಾಠಿ ಶಾಲೆಯಲ್ಲಿ ಒಳ್ಳೆಯ ಕನ್ನಡ ಶಿಕ್ಷಕರು, ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ವಕೀಲರ ನೆರವು: ಇವು ನಡೆಯಬೇಕಾದದ್ದು ನಾಡಕಚೇರಿ, ಶಾಲೆ, ನ್ಯಾಯಾಲಯಗಳಲ್ಲಿ. ಸಂವಿಧಾನ 1950ರಲ್ಲಿ ಡಾಬಕಾದ ರೈತನಿಗೂ ದೆಹಲಿಯ ಮಂತ್ರಿಗೂ ಒಂದೇ ಪೌರತ್ವ ಕೊಟ್ಟಿದೆ. ಆ ಪೌರತ್ವವನ್ನು ಸಾಬೀತುಪಡಿಸುವ ಭಾರವೂ ಇಬ್ಬರಿಗೂ ಸಮನಾಗಿರುವಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ, ಅದನ್ನು ಕೇಳಿ ಪಡೆಯುವುದು ಪ್ರತಿಯೊಬ್ಬ ಪೌರನ ಹಕ್ಕು.